ದೇವರಿಲ್ಲದ ಪ್ರಭಾವಳಿ

ಇದನ್ನು ಬರೆಯುವಾಗಲೂ ನನಗೆ ಸಿಟ್ಟೇ ಬರುತ್ತದೆ. ಪುಣೆಯ ನಮ್ಮ ಮನೆಯಲ್ಲಿ ಹಾಡಹಗಲೇ ನಡೆದದ್ದು. ಮೊಮ್ಮಗಳು ತನುಶ್ರೀ ಲ್ಯಾಪ್‌ಟಾಪಿನಲ್ಲಿ ದುಂಡನೆಯ ಬೆಳಕಿನ ಚಿತ್ರವೊಂದನ್ನು ತೋರಿಸಿದಳು.

“ಆಕಾಶದಾಗಿನ ಕಾಣದ ವಸ್ತುವಿನ, ಡಾರ್ಕ್ ಮ್ಯಾಟರ್ ಅಂತಾರಲ್ಲ, ಅದರ ಪ್ರಭಾವಳಿ, ಅಜ್ಜಾ. ಅದರಿಂದ ಗಾಮಾ ಕಿರಣ, ನ್ಯೂಟ್ರಿನೋ ಎಷ್ಟು ಬರ್ತಾವಂತ ನನ್ನ ಸಾಫ್ಟ್‌ವೇರ್ ಲೆಕ್ಕ ಹಾಕ್ತದ.”

“ನಡುವ ಯಾರದಾರ?”

“ಯಾರೂ ಇಲ್ಲ. ಒಂದು ಚುಕ್ಕಿ ಸೈತ ಇಲ್ಲ.”

“ಖಾಲಿ ಪ್ರಭಾವಳಿ ತೆರೆದಿಡಬಾರದವಾ. ಯಾರರ ಬಂದು ಕೂಡ್ತಾರ.”

“ಕೂತ್ರ ಛಲೋನ ಆತು, ನನಗ ಪಿಎಚ್‌ಡಿ ಸಿಗ್ತದ,” ಎಂದು ನಕ್ಕಳು.

ನಾನು ಹೆಗಲ ಮೇಲಿನ ಟವೆಲ್ಲನ್ನು ಲ್ಯಾಪ್‌ಟಾಪಿಗೆ ಹೊದಿಸಿದೆ. ಫ್ಯಾನ್ ಜೋರಾಗಿ ತಿರುಗುತ್ತಿದ್ದರೂ ಟವೆಲ್ಲಿನ ಅಂಚು ಅಲುಗಲಿಲ್ಲ. ಆಗಷ್ಟೇ ಆರಿದ ಕರ್ಪೂರದ ವಾಸನೆ ಬಂತು. ಅವಳು ಗೊಣಗುತ್ತ ಟವೆಲ್ಲಿನೊಳಗೆ ಬಲಗೈ ಹಾಕಿ ಲ್ಯಾಪ್‌ಟಾಪನ್ನು ಎಳೆದುಕೊಂಡಳು. ಟವೆಲ್ಲು ಕುಸಿಯಲಿಲ್ಲ. ಮೇಜಿನ ಮೇಲೆ ಯಾರೋ ಹೊದ್ದು ಕೂತಂತೆ ಹಾಗೇ ಇತ್ತು.

ನನಗೆ ಹೆದರಿಕೆ ಆಗಲಿಲ್ಲ, ಮೈ ಉರಿಯಿತು. “ಇದು ನನ್ನ ಮೊಮ್ಮಗಳ ಮೇಜು. ಏಳು,” ಎಂದೆ. ಟವೆಲ್ಲು ಮೆಲ್ಲಗೆ ಕೆಳಗಿಳಿಯಿತು.

ಅಂದಿನಿಂದ ತನುಶ್ರೀಯ ಬಲಗೈ ಬೆಚ್ಚಗಾಗಿಲ್ಲ. ಏನೂ ಇಲ್ಲ ಅಂತ ಡಾಕ್ಟರು ನಗುತ್ತಾರೆ, ಆ ನಗು ನನಗೆ ಸಹಿಸಲಾಗದು. ಇವತ್ತು ಬೆಳಿಗ್ಗೆ ಕುದಿಯುವ ಚಹಾದ ಲೋಟ ಅವಳ ಕೈಗೆ ಕೊಟ್ಟೆ. ತಿರುಗಿ ಇಸಕೊಳ್ಳುವಷ್ಟರಲ್ಲಿ ಚಹಾದ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು.