ಖಾಲಿ ಕಿಸೆಗಳ ಪರದೆ

"ಆ ಹೊತ್ತಿನ್ಯಾಗ ನನ್ನ ಮಗಳ ಕಡೆ ಫೋನ್ ಇರಲೇ ಇಲ್ರೀ ಅಕ್ಕಾರ. ನನ್ನ ಕೈಯಾಗ ಇತ್ತು. ಇದನ್ನ ಯಾರ ಮುಂದ ಹೇಳಲಿ? ಹೇಳಿದ್ರ, ತಾಯಿ ಮತ್ತೇನ ಹೇಳ್ತಾಳ ಅಂತ ನಗ್ತಾರ."

ಗಲಗಲಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಕರೆವ್ವ, ಜಮಖಂಡಿಯ ಮಂಗಲಕ್ಕನ ಪಡಸಾಲೆಯಲ್ಲಿ ಕುರ್ಚಿ ಬಿಟ್ಟು ನೆಲದ ಮೇಲೆಯೇ ಕುಳಿತಿದ್ದಳು. ಪಕ್ಕದಲ್ಲಿ ಮಗಳು ರೇಷ್ಮಾ. ಹತ್ತನೆಯ ತರಗತಿ. ಅತ್ತು ಅತ್ತು ಕಣ್ಣು ಬತ್ತಿದ್ದವು.

ಮಂಗಲಕ್ಕ ಪೊಲೀಸ್ ವೈರ್‌ಲೆಸ್ ವಿಭಾಗದಲ್ಲಿ ದುಡಿದು ನಿವೃತ್ತಿಯಾದವಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕರಕರ ಎನ್ನುವ ಗದ್ದಲದೊಳಗಿಂದ ಮನುಷ್ಯರ ಮಾತನ್ನು ಹೆಕ್ಕಿ ತೆಗೆಯುವುದೇ ಅವಳ ನೌಕರಿಯಾಗಿತ್ತು. ಠಾಣೆಗೆ ಹೋಗಲು ಅಂಜುವ ಸುತ್ತಲಿನ ಊರವರು ಈಗ ಅವಳ ಪಡಸಾಲೆಗೆ ಬರುತ್ತಿದ್ದರು. ಅವಳ ಜೊತೆಗಾರ ಶಶಿಕಾಂತ ಮಗ್ಗಗಳ ಊರಾದ ಬನಹಟ್ಟಿಯವನು, ಅಲ್ಲಿನ ನೂಲಿನ ಅಂಗಡಿಯೊಂದರಲ್ಲಿ ಗುಮಾಸ್ತ. ಸಂಜೆ ಕಾಲೇಜಿನಲ್ಲಿ ಓದಿ ಬಿ.ಎ. ಮುಗಿಸಿದವನು. ಬಿಡುವಿದ್ದಾಗಲೆಲ್ಲ ಇಲ್ಲಿಗೆ ಓಡಿಬರುತ್ತಿದ್ದ. ತಾನು ಬಂದದ್ದರಿಂದ ಅಕ್ಕನಿಗೆ ಉಪಯೋಗವಾಯಿತೋ ತೊಂದರೆಯಾಯಿತೋ ಎಂಬ ಅನುಮಾನ ಮಾತ್ರ ಅವನನ್ನು ಎಂದೂ ಬಿಟ್ಟಿರಲಿಲ್ಲ.

ಅಂದು ಬಂದಕೂಡಲೇ ಬೈಸಿಕೊಂಡಿದ್ದ ಬೇರೆ.

"ಮನಿಯಿಂದ ಫೋನ್ ಮಾಡಬ್ಯಾಡ ಅಂತ ಎಷ್ಟ್ ಸಲ ಹೇಳಬೇಕೋ ನಿನಗ? ನಿಮ್ಮ ಮನಿ ಎರಡೂ ಕಡೆ ಮಗ್ಗ ಬಡೀತಿರ್ತಾವು. ನೀ ಏನಂದಿ, ನಾ ಏನ್ ಕೇಳಿದೆ, ಒಂದೂ ತಿಳೀಲಿಲ್ಲ."

"ಎಲ್ಲಿ ಸಪ್ಪಳರೀ ಅಕ್ಕಾರ? ಕದಾ ಹಾಕ್ಕೊಂಡು ಮಾತಾಡಿದ್ನೆಲ್ಲ."

ಮಂಗಲಕ್ಕ ನಕ್ಕುಬಿಟ್ಟಿದ್ದಳು.

ಕರೆವ್ವ ಹೇಳಿದ ಸಂಗತಿ ಹೀಗಿತ್ತು. ಗಲಗಲಿಯ ಅವರ ಪ್ರೌಢಶಾಲೆಯಲ್ಲಿ ಹೊಸ ಪದ್ಧತಿಯೊಂದನ್ನು ಪ್ರಯೋಗಕ್ಕೆ ಇಟ್ಟಿದ್ದರು. ಮಕ್ಕಳು ಮನೆಯ ಮೊಬೈಲ್ ತರಬಹುದು. ಆದರೆ ತರಗತಿಯ ಗೋಡೆಗೆ ತೂಗುಹಾಕಿದ ಬಟ್ಟೆಯ ಪರದೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಿಸೆ. ಫೋನ್ ಅದರಲ್ಲಿರಬೇಕು. ಪಾಠಕ್ಕೆ ಬೇಕೆಂದು ಶಿಕ್ಷಕರು ಹೇಳಿದಾಗ ಮಾತ್ರ ಕೈಗೆ. ಇದು ವಿಜ್ಞಾನದ ಸುವರ್ಣಾ ಟೀಚರ್ ಹಾಕಿದ ಯೋಜನೆ. ಅದನ್ನು ಖಾಯಂ ಮಾಡಬೇಕೋ ಕೈಬಿಡಬೇಕೋ ಎಂದು ಶಾಲಾ ಸಮಿತಿ ಮರುದಿನ ಮಧ್ಯಾಹ್ನ ತೀರ್ಮಾನಿಸುವುದಿತ್ತು.

ಅಷ್ಟರಲ್ಲಿ ಒಂದು ರಾತ್ರಿ ಪಾಲಕರ ವಾಟ್ಸಾಪ್ ಗುಂಪಿಗೆ ಯಾವುದೋ ಗುರುತಿಲ್ಲದ ನಂಬರಿನಿಂದ ಒಂದು ವಿಡಿಯೋ ಬಂದು ಬಿತ್ತು. ಹತ್ತನೆಯ ತರಗತಿಯ ಕುರ್ಚಿಯಲ್ಲಿ ಹೆಡ್‌ಮಾಸ್ತರ ಧರ್ಮರಾಜ ಬಾಯಿ ತೆರೆದು ನಿದ್ದೆ ಹೋಗಿದ್ದಾರೆ. ಅವರ ಹಿಂದೆ ಪರದೆಯ ಕಿಸೆಗಳೆಲ್ಲ ಖಾಲಿ, ಪಕ್ಕದಲ್ಲಿ ಹಾರಾಡುವ ಕ್ಯಾಲೆಂಡರು. ಮಕ್ಕಳು ಬಿದ್ದು ಬಿದ್ದು ನಗುವುದು ಕೇಳುತ್ತದೆ. ಆ ನಂಬರು ಆಗಿನಿಂದ ಬಂದ್. ಮರ್ಯಾದೆ ಇನ್ನಷ್ಟು ಹೋದೀತೆಂದು ಹೆಡ್‌ಮಾಸ್ತರ ಪೊಲೀಸರಿಗೂ ಹೇಳಲಿಲ್ಲ.

"ನನ್ನ ಮ್ಯಾಲ ಯಾಕ್ ಬಂತಂದ್ರ," ರೇಷ್ಮಾ ಮೊದಲ ಸಲ ಬಾಯಿ ತೆರೆದಳು, "ಅವತ್ತ ಸಂಜಿಕ ಎಲ್ಲಾರೂ ಫೋನ್ ತಗೊಂಡ್ರು, ನಂದು ಇರಲಿಲ್ರಿ. ಊಟದ ಹೊತ್ತಿಗೇನ ಅವ್ವಗ ಕೊಟ್ಟ್ ಬಂದಿದ್ದೆ. ಕುರಿ ಆಜಾರಿ ಬಿದ್ದಿತ್ತು, ಡಾಕ್ಟರಗ ಫೋನ್ ಮಾಡಬೇಕಿತ್ತು. ನೀನೇ ಅಡಗಿಸಿಕೊಂಡು ಶೂಟ್ ಮಾಡಿದಿ ಅಂದ್ರು."

"ನಾಳಿ ಮೀಟಿಂಗಿನ್ಯಾಗ ಟೀಸಿ ಕೊಡ್ತಾರಂತ," ಎಂದಳು ಕರೆವ್ವ. "ಕದ್ದು ಶೂಟ್ ಮಾಡಿದವಳು ಅನಿಸ್ಕೊಂಡು ಈಕಿ ಬ್ಯಾರೆ ಸಾಲಿಗೆ ಹೋಗಂಗಿಲ್ಲ. ನನಗ ಗೊತ್ತೈತಿ. ಕುರಿ ಹಿಂದ ಹೊಂಡ್ತಾಳ."

ಮಂಗಲಕ್ಕ ವಿಡಿಯೋವನ್ನು ಒಮ್ಮೆ ಕಣ್ಣುಬಿಟ್ಟು ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡು ಮತ್ತೊಮ್ಮೆ ಕೇಳಿದಳು.

"ಶಶಿಕಾಂತ, ನಿನಗೇನ್ ಕೇಳಸ್ತು?"

ಶಶಿಕಾಂತ ಫೋನನ್ನು ಕಿವಿಗೆ ಒತ್ತಿಕೊಂಡ. ತಪ್ಪಿಹೋಗಬಾರದೆಂದು ಎರಡು ಸಲ ಕೇಳಿದ. "ಹುಡುಗರು ನಗಾಕತ್ತಾರ್ರಿ. ಮತ್ತೇನೂ ಇಲ್ಲ."

"ಮತ್ತೇನೂ ಇಲ್ಲ," ಎಂದು ಮಂಗಲಕ್ಕ ಅವನ ಮಾತನ್ನೇ ಮೆಲ್ಲಗೆ ಹೇಳಿಕೊಂಡಳು. "ಛಲೋ. ನಡೀರಿ, ಗಲಗಲಿಗೆ ಹೋಗೂಣು."

ಕೃಷ್ಣೆಯ ದಂಡೆಯ ಆ ಶಾಲೆಗೆ ಇಳಿದಾಗ ಊಟದ ವಿರಾಮ ನಡೆದಿತ್ತು. ಮಕ್ಕಳೆಲ್ಲ ಬಯಲಿನ ಆಚೆ ಬೇವಿನ ಗಿಡದ ಕೆಳಗೆ ಉಣ್ಣುತ್ತಿದ್ದರು. ದೂರದಲ್ಲಿ ಹೊಳೆಗೆ ಇಳಿಸಿದ್ದ ಪಂಪೊಂದು ನಿಂತಿತು. ಆಮೇಲೆ ಎಲೆ ಅಲುಗುವುದೂ ಕೇಳುವಷ್ಟು ಮೌನ. ಶಶಿಕಾಂತನಿಗೆ ಕಿವಿಯಲ್ಲಿ ಅರಳೆ ತುರುಕಿದಂತಾಗಿ, ಸುಮ್ಮನೆ ಒಮ್ಮೆ ಕೆಮ್ಮಿ ನೋಡಿಕೊಂಡ.

ಹತ್ತನೆಯ ತರಗತಿಯ ಕೋಣೆ ಖಾಲಿಯಿತ್ತು. ಗೋಡೆಯ ಮೇಲೆ ನೀಲಿ ಪರದೆ, ಮೂಲೆಯಲ್ಲಿ ದೇವರ ಭಂಡಾರದ ಅರಿಶಿನ ಗುರುತು. ಕಿಸೆಗಳೂ ಖಾಲಿ. ಮಂಗಲಕ್ಕ ಫ್ಯಾನ್ ಹಾಕಿದಳು. ಅದು ಸುತ್ತು ಸುತ್ತಿಗೂ ಕಿರ್ರ್ ಕಿರ್ರ್ ಎಂದು ಕೂಗತೊಡಗಿತು. ಗೋಡೆಯ ಕ್ಯಾಲೆಂಡರು ಪಟಪಟನೆ ಹಾರಿತು.

"ಈ ಫ್ಯಾನ್ ಯಾವಾಗಿಂದ ಹಿಂಗ ಅಳಾಕತ್ತೈತಿ?"

"ನಾ ಬಂದಾಗಿಂದರಿ," ಎಂದಳು ಮುಧೋಳದಿಂದ ದಿನಾ ಬಂದುಹೋಗುವ ಸುವರ್ಣಾ ಟೀಚರ್. ನಿದ್ದೆಗೆಟ್ಟ ಮುಖ. "ಎಣ್ಣಿ ಹಾಕ್ಸಿದ್ರೂ ನಿಲ್ಲವಲ್ದು."

"ಕಿಸೆ ಯಾಕ್ ಖಾಲಿ ಅದಾವು?"

"ಊಟಕ್ಕ ಬಿಟ್ಟಾಗ ಫೋನೆಲ್ಲಾ ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ತೇನ್ರಿ."

ಕಂಪ್ಯೂಟರ್ ಶಿಕ್ಷಕ ಶೀತಲ್ ಬಾಗಿಲಲ್ಲಿ ನಿಂತಿದ್ದ. ಬನಹಟ್ಟಿಯಲ್ಲೇ ಹುಟ್ಟಿ ಬೆಳೆದವನು, ದಿನಾ ಬೈಕಿನ ಮೇಲೆ ಅಲ್ಲಿಂದ ಬರುವವನು. ಶಶಿಕಾಂತನನ್ನು ಕಂಡು, "ಏನ್ರೀ ನೀವಿಲ್ಲಿ? ನೂಲಿನಂಗಡಿ ಬಿಟ್ಟು ಪತ್ತೇದಾರಿಕಿ ಹಚ್ಚಿದ್ರಿ?" ಎಂದು ನಕ್ಕ. ಆಮೇಲೆ ಪರದೆಯ ಕಡೆ ನೋಡಿ, "ಬಟ್ಟಿ ಕಿಸೆದಾಗ ಮೊಬೈಲ್ ಇಟ್ರ ಮಕ್ಕಳು ಶಿಸ್ತ್ ಕಲೀತಾರ? ಟ್ಯಾಬ್ ತರಸ್ರಿ, ಲ್ಯಾಬಿನ್ಯಾಗ ಇಡ್ರಿ, ಪಾಸ್‌ವರ್ಡ್ ನನ್ನ ಕಡೆ ಇರಲಿ ಅಂತ ಆಗೇ ಹೇಳಿದ್ದೆ. ಯಾರು ಕೇಳ್ತಾರ?" ಎಂದ.

ಹೆಡ್‌ಮಾಸ್ತರ ಧರ್ಮರಾಜ ತಮ್ಮ ಕೋಣೆಯಿಂದ ಹೊರಗೇ ಬರಲಿಲ್ಲ. ಮಂಗಲಕ್ಕನೇ ಒಳಗೆ ಹೋಗಿ ಕುಳಿತಾಗ ಅವರು ಮೇಜು ನೋಡುತ್ತ ಹೇಳಿದರು: "ಸಕ್ಕರಿ ಕಾಯಿಲೆ ಐತ್ರಿ. ಊಟಾದ ಮ್ಯಾಲ ಹತ್ತನೇ ಕ್ಲಾಸಿನ ಖೋಲಿಯೊಳಗ ತಂಪ್ ಇರ್ತೈತಿ ಅಂತ ಸ್ವಲ್ಪ ಒರಗ್ತೇನಿ. ಒಮ್ಮೊಮ್ಮಿ ಪಾಠ ಮಾಡೂಮುಂದೂ ಕಣ್ಣ್ ಹತ್ತಿರಬೇಕು. ಸುಳ್ಳ್ ಹೇಳಂಗಿಲ್ಲ. ಆದ್ರ ನನ್ನ ಹುಡುಗ್ರು ನನ್ನ ನೋಡಿ ಹಂಗ ನಗ್ತಾರಂತ..."

ಹೊರಗೆ ಸಮಿತಿಯ ಅಧ್ಯಕ್ಷ ಅಮಸಿದ್ದಪ್ಪ ಕಾಯುತ್ತಿದ್ದ. ಹೆಗಲ ಮೇಲೆ ಕಂಬಳಿ. ಶಾಲೆಗೆ ಮೊಬೈಲೇ ಬೇಡವೆಂದು ಮೊದಲ ದಿನದಿಂದ ಕೂಗಾಡಿದವನು ಅವನೇ. ಹೊಸ ಸಾಮಾನೆಂದು ಆ ಪರದೆಗೆ ಬೀರೇಶ್ವರನ ಭಂಡಾರ ಹಚ್ಚಿದವನೂ ಅವನೇ. ಮಂಗಲಕ್ಕ ಅವನಿಗೆ ವಿಡಿಯೋ ಕೇಳಿಸಿದಳು.

"ನಗೂದು ಬಿಡ್ರಿ," ಎಂದ ಅಮಸಿದ್ದಪ್ಪ. "ಹಿಂದ ಆಲಿಕಲ್ಲು ಬೀಳಾಕತ್ತಾವಲ್ಲ, ತಗಡಿನ ಪತ್ರಾದ ಮ್ಯಾಲ? ನಮ್ಮೂರಾಗ ಯಾವತ್ತ್ ಬಿದ್ದಾವ್ರಿ? ಈ ಸಾಲಿಗೆ ಪತ್ರಾನೂ ಇಲ್ಲ."

ಮಂಗಲಕ್ಕನ ಕಣ್ಣು ಮಿನುಗಿದವು. ಶಶಿಕಾಂತ ಮತ್ತೆ ಕಿವಿಗೊಟ್ಟ. ಮುದುಕ ಏನೋ ಭ್ರಮೆಗೊಂಡಿದ್ದಾನೆ ಎನಿಸಿತು.

ಮರಳುವ ಬಸ್ಸಿನಲ್ಲಿ ಮಂಗಲಕ್ಕ ಒಂದು ವಿಚಿತ್ರ ಕೆಲಸ ಹೇಳಿದಳು. "ನಾಳಿ ಮುಂಜಾನೆ ನಿಮ್ಮ ಮನ್ಯಾಗ ಕದಾ ಹಾಕ್ಕೊಂಡು, ಯಾರೂ ಮಾತಾಡದಂಗ ನೋಡ್ಕೊಂಡು, ಫೋನಿನ್ಯಾಗ ರೆಕಾರ್ಡ್ ಮಾಡ್ಕೊಂಡು ಬಾ."

"ಏನನ್ನರೀ?"

"ಏನೂ ಇಲ್ಲದ್ದನ್ನ."

ಹೇಳಿದಂತೆಯೇ ಮಾಡಿದ. ಮನೆಯವರನ್ನೆಲ್ಲ ಹೊರಗೆ ಕಳಿಸಿ, ಉಸಿರು ಬಿಗಿಹಿಡಿದು ಫೋನನ್ನು ಹಾಸಿಗೆಯ ಮೇಲಿಟ್ಟ. ಆಮೇಲೆ ಹಾಕಿ ಕೇಳಿದರೆ ನಿಜಕ್ಕೂ ಏನೂ ಇರಲಿಲ್ಲ. ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು ದಾರಿಯುದ್ದಕ್ಕೂ ಚಡಪಡಿಸಿದ.

ಮಧ್ಯಾಹ್ನ ಹತ್ತನೆಯ ತರಗತಿಯ ಕೋಣೆಯಲ್ಲೇ ಸಭೆ ಸೇರಿತು. ಮುಂದಿನ ಬೆಂಚಿನಲ್ಲಿ ಕರೆವ್ವ ಮತ್ತು ರೇಷ್ಮಾ. ಹಿಂದೆ ತರಗತಿಯ ಮಕ್ಕಳು. ಮೇಜಿನ ಮೇಲೆ, ಹೆಡ್‌ಮಾಸ್ತರರ ಮುಂದೆ, ಬರೆದಿಟ್ಟ ಟೀಸಿ. ರೇಷ್ಮಾ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಒಂದು ಆಟ ಆಡೂಣು," ಎಂದಳು ಮಂಗಲಕ್ಕ. "ಈ ನಗುವಿನ ಹಿಂದ ಏನ್ ಕೇಳಸ್ತೈತಿ, ಒಬ್ಬೊಬ್ಬರ ಹೇಳ್ರಿ."

ವಿಡಿಯೋ ಹಾಕಿದಳು. ಏನೋ ಕುಟ್ಟಿದಂತೆ ಎಂದರು ಹೆಡ್‌ಮಾಸ್ತರ. ರೈಲು ಹೋದಂತೆ ಎಂದಳು ಸುವರ್ಣಾ ಟೀಚರ್. ಅಮಸಿದ್ದಪ್ಪ ತನ್ನ ಆಲಿಕಲ್ಲನ್ನು ಬಿಡಲಿಲ್ಲ. ಶೀತಲ್ ಭುಜ ಕುಣಿಸಿದ. "ಏನೂ ಇಲ್ಲಲ್ರಿ. ಬರೇ ನಗು."

"ನನಗೂ ಏನೂ ಕೇಳಸವಲ್ದ್ರಿ," ಎಂದ ಶಶಿಕಾಂತ. ಇಷ್ಟು ಜನರಿಗೆ ಕೇಳುವುದು ತನಗೆ ಕೇಳುತ್ತಿಲ್ಲವೆಂದರೆ ಡಾಕ್ಟರಿಗೆ ಕಿವಿಯನ್ನೇ ತೋರಿಸಬೇಕೇನೋ ಎಂದು ಅವನಿಗೆ ದಿಗಿಲಾಯಿತು.

"ಈಗ ಇದನ್ನ ಕೇಳ್ರಿ. ಶಶಿಕಾಂತ ಇವತ್ತ ಮುಂಜಾನೆ ತನ್ನ ಮನ್ಯಾಗ ರೆಕಾರ್ಡ್ ಮಾಡ್ಕೊಂಡ್ ಬಂದಾನ. ಅವನ ಪ್ರಕಾರ ಇದರಾಗ ಏನೂ ಇಲ್ಲ."

ಗಲಗಲಿಯ ಆ ಮೌನದ ಕೋಣೆಯಲ್ಲಿ, ನಗುವಿನ ಮರೆಯಿಲ್ಲದೆ, ಶಶಿಕಾಂತನ ಫೋನು ಬಾಯಿ ತೆರೆಯಿತು. ಖಟಕ್ ಖಟಕ್, ಖಟಕ್ ಖಟಕ್. ಗೋಡೆಯಿಂದ ಗೋಡೆಗೆ ಬಡಿಯಿತು. ಶಶಿಕಾಂತ ಫೋನಿನ ಕಡೆ ಬಾಗಿದ. ತನ್ನ ಮನೆಯೊಳಗೆ ಇಷ್ಟು ದೊಡ್ಡದೊಂದು ಸಪ್ಪಳವಿತ್ತೇ? ತಾನು ಓದಿದ್ದು, ಉಂಡಿದ್ದು, ಮಲಗಿದ್ದು ಎಲ್ಲ ಇದರೊಳಗೇ?

"ಅದ ಸಪ್ಪಳ!" ರೇಷ್ಮಾ ಎದ್ದುನಿಂತಳು. "ವಿಡಿಯೋದಾಗ ಇರೂದೂ ಅದ ಐತ್ರಿ!"

"ಅದ. ಮಗ್ಗ," ಎಂದಳು ಮಂಗಲಕ್ಕ. "ಈಗ ಮೊದಲಿಂದ ಹೇಳ್ತೇನಿ. ಚಿತ್ರದಾಗ ಕ್ಯಾಲೆಂಡರ್ ಹಾರಾಕತ್ತೈತಿ, ಅಂದ್ರ ಫ್ಯಾನ್ ತಿರಗಾಕತ್ತೈತಿ. ಆದ್ರ ಅದರ ಕಿರಿಕಿರಿ ಎಲ್ಲಿ? ಇಲ್ಲ. ಅಂದ್ರ ಚಿತ್ರ ಈ ಖೋಲಿದು, ಸಪ್ಪಳ ಈ ಖೋಲಿದಲ್ಲ. ಯಾರೋ ಮೊದಲಿನ ಸಪ್ಪಳ ತಗದು ನಗು ಕೂಡಿಸ್ಯಾರ. ಇನ್ನ ಕಿಸೆ. ಖಾಲಿ ಅದಾವು, ಎಲ್ಲಾರ ಕೈಯಾಗೂ ಫೋನ್ ಇತ್ತು ಅಂದ್ರಿ ನೀವು. ಊಟದ ಹೊತ್ತಿನ್ಯಾಗ ಅವು ದಿನಾ ಖಾಲಿನ ಇರ್ತಾವು. ಹೆಡ್‌ಮಾಸ್ತರ ಒರಗೂದೂ ಆಗ. ಈ ಚಿತ್ರ ತಗದಾಗ ಇಲ್ಲಿ ಒಬ್ಬ ಹುಡುಗನೂ ಇರಲಿಲ್ಲ."

ಕರೆವ್ವ ಮಗಳ ಕೈ ಹಿಡಿದುಕೊಂಡಳು.

"ಊಟದ ಹೊತ್ತಿನ್ಯಾಗ ಮಕ್ಕಳ ಫೋನ್ ಕಪಾಟಿನ್ಯಾಗ. ರೇಷ್ಮಾಂದು ಅವ್ವನ ಕಡೆ. ಕೈಯಾಗ ಫೋನ್ ಇದ್ದವರು ದೊಡ್ಡವರಷ್ಟ. ಹಂಗಾರ ಯಾರು? ಹಿಂದಿನ ಸಪ್ಪಳ ಕೇಳಿದ್ದರ ಯಾರೇ ಆಗಲಿ ಅದನ್ನ ತಗದೇ ಕಳಸ್ತಿದ್ರು. ಬಿಟ್ಟಾನ ಅಂದ್ರ ಅವಗ ಅದು ಕೇಳಸೇ ಇಲ್ಲ. ಹುಟ್ಟಿದಾಗಿಂದ ಮಗ್ಗದ ನಡುವ ಬೆಳದವರಿಗೆ ಅದು ಸಪ್ಪಳಲ್ಲ, ಮೌನ. ಈ ಖೋಲಿಯೊಳಗ ಅಂಥವರು ಇಬ್ಬರು. ಒಬ್ಬ ಶಶಿಕಾಂತ. ಅವ ನಿನ್ನಿ ಮೊದಲ ಸಲ ಈ ಸಾಲಿ ಮೆಟ್ಟಲ ಹತ್ತಿದವ."

ಯಾರೂ ಶೀತಲ್ ಹೆಸರು ಹೇಳಲಿಲ್ಲ. ಎಲ್ಲರ ಮುಖ ಮಾತ್ರ ಬನಹಟ್ಟಿಯ ಆ ಇನ್ನೊಬ್ಬನತ್ತ ತಿರುಗಿತು. ಶೀತಲ್ ಗೋಡೆಯ ಪರದೆ ನೋಡಿದ.

"ನಮ್ಮ ಮನಿ ಮ್ಯಾಳಗಿ ಮ್ಯಾಲ ಟ್ಯೂಷನ್ನಿಗೆ ಬರೂ ಹುಡುಗ್ರನ್ನ ನಗಸಿ ರೆಕಾರ್ಡ್ ಮಾಡಿದ್ದೆ," ಎಂದ ಕಡೆಗೆ. "ತಿಂಗಳಾನುಗಟ್ಟಲೆ ಕುಂತು ಟ್ಯಾಬಿನ ಯೋಜನೆ ಬರದಿದ್ದೆ. ಒಬ್ಬರೂ ತೆರೆದ್ ನೋಡಲಿಲ್ಲ. ಒಂದ್ ಬಟ್ಟಿ ಪರದೆ ಗೆದ್ದ್ ಬಿಡ್ತು. ಈಕಿ ಹೆಸರ ಬರ್ತದಂತ ಖರೇನ ಗೊತ್ತಿರಲಿಲ್ರಿ."

"ಬಂದ ಮ್ಯಾಲ ಗೊತ್ತಾತಲ್ಲ," ಎಂದಳು ಮಂಗಲಕ್ಕ. "ಆಗೂ ಸುಮ್ನಿದ್ರಿ."

ಶೀತಲ್ ತನ್ನ ಫೋನನ್ನು ತೆಗೆದು ಮೇಜಿನ ಮೇಲಿಟ್ಟ.

ಹೆಡ್‌ಮಾಸ್ತರ ಧರ್ಮರಾಜ ಟೀಸಿಯನ್ನು ಎತ್ತಿ ಹರಿದರು. "ಅಂದ್ರ... ನೀವು ನಗಲಿಲ್ಲೇನ್ರೋ?"

"ಇಲ್ರಿ ಸರ್," ಎಂದಳು ರೇಷ್ಮಾ. "ಒಂದ್ ಸಲ ನೀವು ಲೆಕ್ಕ ಹಾಕಿಕೊಟ್ಟು ಖರೇನ ನಿದ್ದಿ ಹೋಗಿದ್ರಿ. ನಾವ ಸುಮ್ನ ಕುಂತು ಬಿಡಿಸಿದಿವಿ. ಜಕ್ಕಪ್ಪಗ ಕೆಮ್ಮ್ ಬಂತು, ಅವನ್ನ ಹೊರಗ ಹಾಕಿದಿವಿ."

"ಬಿಸಲಾಗ ನಿಂದ್ರಿಸಿದ್ರು ಸರ್," ಎಂದು ಹಿಂದಿನ ಬೆಂಚಿನಿಂದ ಜಕ್ಕಪ್ಪ ದೂರಿದ.

ಧರ್ಮರಾಜ ಕನ್ನಡಕ ತೆಗೆದರು. ಒರೆಸಲು ಬಹಳ ಹೊತ್ತು ಹಿಡಿಯಿತು.

ಅಮಸಿದ್ದಪ್ಪ ಕಂಬಳಿ ಕೊಡವಿ ಎದ್ದ. "ನಾ ಮೊಬೈಲ್ ಬ್ಯಾಡ ಅಂತಿದ್ದೆ. ಹುಡುಗ್ರು ಇಷ್ಟ್ ದಿನ ಕಿಸೆದಾಗಿಂದ ತಗೀಲಿಲ್ಲ. ತಗದಾವ ಮಾಸ್ತರ. ಪರದಿ ಖಾಯಂ ಆಗಲಿ. ಆದ್ರ ಟೀಚರ್, ಮಾಸ್ತರ ಮಂದಿಗೂ ಕಿಸೆ ಹೊಲಸ್ರಿ. ನನಗೂ ಒಂದು. ಭಂಡಾರ ನಾನ ಹಚ್ತೇನಿ."

ಸಮಿತಿಯವರೆಲ್ಲ ಕೈ ಎತ್ತಿದರು. ಮಂಗಲಕ್ಕ ತನ್ನ ಫೋನನ್ನು ತೆಗೆದು ಪರದೆಯ ಮೇಲಿನ ರೇಷ್ಮಾಳ ಕಿಸೆಯಲ್ಲಿ ಇಳಿಬಿಟ್ಟು, "ಚಹಾ ಕುಡಿಯೂತನಕ ಅಲ್ಲೇ ಇರಲಿ," ಎಂದಳು. ಕರೆವ್ವ ಆಗ ನಕ್ಕಳು.

ಸಂಜೆ ಶಶಿಕಾಂತ ಬನಹಟ್ಟಿಯಲ್ಲಿ ಬಸ್ಸಿಳಿದು ತನ್ನ ಓಣಿಗೆ ತಿರುಗಿದವನು ಹಾಗೆಯೇ ನಿಂತುಬಿಟ್ಟ. ಖಟಕ್ ಖಟಕ್, ಖಟಕ್ ಖಟಕ್. ಎಡದಿಂದ, ಬಲದಿಂದ, ನೆಲದೊಳಗಿಂದ. ಇಡೀ ಓಣಿ ಒಂದು ದೊಡ್ಡ ಎದೆಯಂತೆ ಬಡಿದುಕೊಳ್ಳುತ್ತಿತ್ತು. ಹುಟ್ಟಿದೂರಿನ ಸಪ್ಪಳ ಅವನಿಗೆ ಅಂದು ಮೊದಲ ಸಲ ಕೇಳಿಸಿತು.

"ಯಾಕ್ಲೇ, ನಡುದಾರ್ಯಾಗ ನಿಂತಿ?" ಪಕ್ಕದ ಮನೆಯ ಮುದಕಪ್ಪ ಕಟ್ಟೆಯ ಮೇಲಿಂದ ಕೇಳಿದ.

"ಎಷ್ಟ್ ಸಪ್ಪಳ ಐತಿ ಕಾಕಾ!"

ಮುದಕಪ್ಪ ಕಿವಿಯ ಹಿಂದೆ ಕೈಯಿಟ್ಟು ಸುತ್ತ ಒಮ್ಮೆ ಆಲಿಸಿದ.

"ಎಲ್ಲೈತೋ?" ಎಂದ.