ಗೋದಾಮಿನ ರಂಗೋಲಿ

"ಕಾಲು ತಗೀರಿ! ನೀವು ಬಾರಾಮತಿ ಮ್ಯಾಲೆ ನಿಂತೀರಿ!"

ಸಪ್ನಾಳ ಕೂಗಿಗೆ ಆ ಹೊಸಬ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ. ಹಿಂದೆ ಇಂದಾಪುರವಿತ್ತು!

"ಅಯ್ಯೋ, ಅದನ್ನೂ ಅಳಿಸಿದ್ರಿ!"

ಸಿಟ್ಟಿನಲ್ಲಿ ಮರಾಠಿ ಮರೆತು ಕನ್ನಡವೇ ಬಾಯಿಗೆ ಬಂದಿತ್ತು. ಅವನು ಕೆಳಗೆ ನೋಡಿದ. ಗೋದಾಮಿನ ನೆಲದ ತುಂಬ ರಂಗೋಲಿಯ ಚೌಕಗಳು, ಒಂದೊಂದರಲ್ಲೂ ಒಂದೊಂದು ಊರಿನ ಹೆಸರು.

"ತಪ್ಪಾತ್ರಿ," ಎಂದ, ಅಚ್ಚ ಧಾರವಾಡದ ಕನ್ನಡದಲ್ಲಿ! "ನಾ ಶಿವಪ್ರಕಾಶ. ಶಿವಾಜಿನಗರದ ಆಫೀಸಿನಿಂದ ಬಂದೀನಿ."

ಸಪ್ನಾ ಅವನ ಕೈಲಿದ್ದ ಗಡಿಯಾರ ನೋಡಿದಳು. ಅಯ್ಯೋ... ಇವನೇನಾ?

ಅದು 2003ರ ಬೇಸಿಗೆ. ಮರಾಠಿ ನಾಡಿನ ಲೋಣಿಯಲ್ಲಿದ್ದ ಆ ಕುಕ್ಕರ್ ಗೋದಾಮಿನಿಂದ ದಿನಕ್ಕೆರಡು ಲಾರಿ ಹೋಗಬೇಕು. ಎರಡನೆಯದು ಸಂಜೆ ಐದರೊಳಗೆ ಹೊರಡದಿದ್ದರೆ ತಿಂಗಳ ಕೊನೆಗೆ ಗೋದಾಮಿಗೆ ಬೀಗ, ಅದನ್ನು ನೋಡಲು ಒಬ್ಬರು ಬರುತ್ತಾರೆ ಎಂದು ಆಫೀಸು ಹೇಳಿತ್ತು. ದೌಂಡದಿಂದ ದಿನಾ ರೈಲಿನಲ್ಲಿ ಬಂದು ಮಾಲು ಹೊಂದಿಸುವ ಸಪ್ನಾಳ ಕೆಲಸವೂ ಹೋಗುತ್ತಿತ್ತು, ಹನ್ನೆರಡು ಹಮಾಲರದೂ.

ಶಿವಪ್ರಕಾಶ ಮೂರು ದಿನ ಗಡಿಯಾರ ಹಿಡಿದು ಬಾಗಿಲಲ್ಲೇ ಕೂತ. ಮಧ್ಯಾಹ್ನ ಅವಳ ಡಬ್ಬಿಯ ರೊಟ್ಟಿಗೂ ಕೈಹಾಕಿದ.

"ಊಟಾನೂ ಗಡಿಯಾರ ನೋಡೇ ಮಾಡತೀರೇನ್ರಿ?"

"ಈ ಶೇಂಗಾ ಚಟ್ನಿ ಮುಂದ ಗಡಿಯಾರ ನಿಂತುಬಿಟ್ಟದ್ರಿ!"

ಅವಳಿಗೆ ನಗು ಬಂತು. ಕೆಲಸ ಕಸಿಯಲು ಬಂದವನ ಮುಂದೆ ನಾನ್ಯಾಕೆ ನಗುತ್ತಿದ್ದೇನೆ?

"ಈ ಚೌಕ ಹಾಕೋದು ಯಾರು ಕಲಿಸಿದ್ರು?"

"ಯಾರೂ ಇಲ್ರಿ. ಕೊನೀ ಊರಿನ ಮಾಲು ಮೊದಲ ಲಾರಿ ಏರಬೇಕು. ಕುಕ್ಕರ್ ಡಬ್ಬಿ ಮ್ಯಾಲಿನ ಚೀಟಿ ಹುಡುಕೋದ್ರೊಳಗ ಹೊತ್ತು ಹೋಗತದ. ಆಯಾ ಊರಿನ ಮಾಲು ಅದರ ಚೌಕದಾಗ ಇಟ್ರ ಕೂಡಲೆ ಕಣ್ಣಿಗೆ ಬೀಳತದ."

ಅವನು ಅವಳನ್ನೇ ನೋಡುತ್ತ ಪುಸ್ತಕ ತೆಗೆದು ಏನೋ ಬರೆದುಕೊಂಡ.

ಸೋಮವಾರ ಬಂದು ನೋಡಿದರೆ... ನೆಲ ತೊಳೆದು ಬರಿದಾಗಿತ್ತು! ಒಂದು ಗೆರೆಯೂ ಇಲ್ಲ!

"ನಿನ್ನೆ ಆಫೀಸಿನ ಸಾಹೇಬರೇ ಬಂದು ತೊಳೆದರು, ಅಕ್ಕಾ," ಎಂದು ಹಮಾಲರ ಹಿರಿಯ ಏಕನಾಥ ಮರಾಠಿಯಲ್ಲಿ ಹೇಳಿದ.

ಅವಳ ಕಣ್ಣು ತುಂಬಿತು. ಅಂದರೆ ಬೀಗ ಖಚಿತ... ನನ್ನ ರೊಟ್ಟಿ ತಿಂದವನು ಹೀಗೆ ಮಾಡಿದನಾ?

ಅಷ್ಟರಲ್ಲಿ ಶಿವಪ್ರಕಾಶ ಎರಡು ಡಬ್ಬ ಹೊತ್ತು ಒಳಗೆ ಬಂದ.

"ನನ್ನ ಗೆರಿ ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳಬಹುದಿತ್ತಲ್ರಿ!"

"ಸಪ್ನಾ, ಇದನ್ನ ನೋಡ್ರಿ," ಎಂದು ಅವನು ಪುಸ್ತಕ ಬಿಚ್ಚಿದ. "ಮುಂಜಾನಿ ಲಾರಿ ತುಂಬಾಕ ಐವತ್ತು ನಿಮಿಷ. ಮಧ್ಯಾಹ್ನದ್ದಕ್ಕ ಎರಡೂವರೆ ತಾಸು! ಹಮಾಲ್ರು ಅವರ, ಮಾಲೂ ಅಷ್ಟ. ಹಂಗಾದ್ರ ಯಾಕ?"

ಅವಳು ಪುಟದ ಮೇಲೆ ಬಗ್ಗಿದಳು.

"ಬರೋ ಮಾಲು, ಹೋಗೋ ಮಾಲು ಒಂದ ಬಾಗಿಲಾಗ ತುಳದಾಡಿ, ಮಧ್ಯಾಹ್ನದೊಳಗ ನಿಮ್ಮ ರಂಗೋಲಿ ಅಳಿಸಿರತದ. ಅದಕ್ಕ!"

ಅವನು ಡಬ್ಬದ ಮುಚ್ಚಳ ತೆಗೆದ. ಹಳದಿ ಬಣ್ಣ! ಪುಸ್ತಕದ ಮುಂದಿನ ಪುಟದಲ್ಲಿ ಅವಳ ಪ್ರತಿ ಚೌಕವೂ ಅಳತೆ ಸಮೇತ ಇತ್ತು.

"ಪುಡಿ ಇದ್ರ ಬಣ್ಣ ಹಿಡಿಯಂಗಿಲ್ಲ. ಅದಕ್ಕ ತೊಳದೆ. ನಿಮಗ ಹೇಳಲಿಲ್ಲ, ಅದು ನನ್ನ ತಪ್ಪು."

ಅವಳು ಸೆರಗು ಸಿಕ್ಕಿಸಿ ಬ್ರಶ್ ಎತ್ತಿಕೊಂಡಳು.

ಬರುವ ಮಾಲು ಹಿಂದಿನ ಬಾಗಿಲಿಗೆ ಹೋಯಿತು. ಬಣ್ಣ ಒಣಗಿತು. ಬುಧವಾರ ಮಧ್ಯಾಹ್ನದ ಲಾರಿ ಗೇಟು ದಾಟಿದಾಗ ಗಂಟೆ ನಾಲ್ಕು ಹತ್ತು!

"ಗಾಡಿ ಸುಟಲಿ, ತಾಈ! ಗಾಡಿ ಸುಟಲಿ!" ಗಾಡಿ ಹೊರಟಿತು, ಅಕ್ಕಾ ಎಂದು ಏಕನಾಥ ಕುಣಿದೇಬಿಟ್ಟ.

ಗುರುವಾರವೂ ಹಾಗೇ, ಶುಕ್ರವಾರವೂ ಹಾಗೇ. ಶನಿವಾರ ಆಫೀಸಿನ ಫೋನ್ ಬಂತು. ಬೀಗ ಇಲ್ಲ!

ಎಲ್ಲರೂ ನಗುತ್ತಿದ್ದಾಗ ಶಿವಪ್ರಕಾಶ ಮಾತ್ರ ಮೆಲ್ಲಗೆ ಹೇಳಿದ, "ನನ್ನ ಕೆಲಸ ಮುಗೀತ್ರಿ. ಸೋಮವಾರದಿಂದ ಶಿವಾಜಿನಗರ..."

ಸಪ್ನಾ ಒಳಗೆ ಹೋದಳು. ಉಳಿದಿದ್ದ ರಂಗೋಲಿ ಪುಡಿ ತಂದು ಬಾಗಿಲ ಬಳಿ ಒಂದು ಪುಟ್ಟ ಚೌಕ ಎಳೆದಳು.

"ಇದು ಯಾವ ಊರ್ರಿ?"

"ದೌಂಡ... ನಮ್ಮ ಮನಿ. ನಾಳೆ ಐತವಾರ, ಅಪ್ಪಾ ಮನ್ಯಾಗ ಇರತಾರ." ಅವಳ ಕೆನ್ನೆ ಕೆಂಪೇರಿತು.

ಅವನು ಚೌಕದ ಅಂಚಿಗೆ ಬಂದು ನಿಂತ. "ಸಪ್ನಾ, ನಿಮ್ಮ ಚಟ್ನಿ ಮುಂದ ನಿಂತ ಆ ಗಡಿಯಾರ... ಇನ್ನೂ ಅಲ್ಲೇ ನಿಂತದ. ನೀವಂದ್ರ ನನಗ ಭಾಳ ಇಷ್ಟ. ಈ ಸಲ ಕೇಳಿ ಕಾಲಿಡತೀನಿ. ಬರಲ್ಯಾ?"

"ಬರ್ರಿ..." ಎಂದಳು ತಲೆ ಎತ್ತದೆ. ಮರುಕ್ಷಣ ಕಣ್ಣಲ್ಲಿ ತುಂಟನಗು.

"ಆದ್ರ ಬೂಟು ಬಿಚ್ಚಿ!"