ಬೆಳಕು ತಿಂದ ರೀಲು

"ಇದು ಸಿಕ್ಕೊಂಡದ್ರಿ. ಸರಿ ಆಗ್ತದೇನು ನೋಡ್ರಿ..."

ಬಂದವನು ಕೌಂಟರಿನ ಮೇಲೆ ಕ್ಯಾಮೆರಾ ಇಟ್ಟ. ಸುಕನ್ಯಾ ತಲೆ ಎತ್ತಿದಳು. ಮೂವತ್ತರ ಆಸುಪಾಸಿನ ಗಂಡಸು. ಬೂಟಿನ ತುಂಬ ಸಂಡೂರಿನ ಕೆಂಪು ಧೂಳು. ಎಷ್ಟೋ ದಿನದಿಂದ ನಿದ್ದೆ ಕಾಣದ ಕಣ್ಣು. ಕ್ಯಾಮೆರಾಕ್ಕೆ ದಾರದಿಂದ ಕಟ್ಟಿದ ಪೊಲೀಸ್ ಠಾಣೆಯ ಚೀಟಿಯೊಂದು ನೇತಾಡುತ್ತಿತ್ತು.

ಹೊಸಪೇಟೆಯ ಸ್ಟೇಷನ್ ರೋಡಿನ ಆ ಪುಟ್ಟ ಅಂಗಡಿಗೆ ಈಗ ಬರುವವರು ಒಂದು ಥರದ ಹುಚ್ಚರು ಮಾತ್ರ. ಜೇಬಿನಲ್ಲಿ ಮೊಬೈಲ್ ಇದ್ದರೂ ರೀಲು ಹಾಕಿ, ಕೈಯಾರೆ ಫೋಕಸ್ ತಿರುಗಿಸಿಯೇ ಫೋಟೋ ತೆಗೆಯಬೇಕು ಎನ್ನುವವರು! ಅಪ್ಪ ಎರ್ರಿಯಪ್ಪ ತೀರಿಕೊಂಡ ಮೇಲೆ ಇಂಥವರ ಕ್ಯಾಮೆರಾ, ಲೆನ್ಸುಗಳ ರಿಪೇರಿಯೆಲ್ಲ ಸುಕನ್ಯಾಳದೇ. ಅವಳ ಕೈ ಚುರುಕು. ಒಂಚೂರು ಹೆಚ್ಚೇ ಚುರುಕು.

"ಸೆಲ್ಫ್ ಟೈಮರ್ ಅರ್ಧಕ್ಕ ನಿಂತೈತ್ರಿ. ಅದಕ್ಕ ಶಟರ್ ಬೀಳವಲ್ದು," ಎಂದಳು.

"ಹಂಗಂದ್ರ?"

"ಕ್ಯಾಮೆರಾ ಎಲ್ಲ್ಯಾರ ಇಟ್ಟು, ಈ ಕಡ್ಡಿ ತಿರುವಿ, ಓಡಿ ಹೋಗಿ ಮುಂದ ನಿಂತ್ರ ಆತು. ಹತ್ತು ಸೆಕೆಂಡಿಗೆ ತಾನಾ ಫೋಟೋ ತೆಗಿತೈತಿ. ಹಳೇ ಎಣ್ಣಿ ಗಟ್ಟಿಯಾದ್ರ ಹಿಂಗ ನಡುವ ನಿಲ್ತೈತಿ. ಭಾಳ ದೊಡ್ಡ ಕೆಲಸೇನಲ್ರಿ."

ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. "ಅಮ್ಮಂದು... ಬಂದೆ," ಎಂದು ರಸ್ತೆಗಿಳಿದ.

ಕೆಲಸ ಹಿಡಿಯುವ ಮುಂಚೆ ಕ್ಯಾಮೆರಾ ಯಾವ ಸ್ಥಿತಿಯಲ್ಲಿ ಬಂತೋ ಅದನ್ನು ಕಾರ್ಡಿನಲ್ಲಿ ಬರೆದಿಡುವುದು ಅಪ್ಪನ ಪದ್ಧತಿ. ಸುಕನ್ಯಾ ಬರೆದಳು. ಫೋಕಸ್ ಹತ್ತು ಅಡಿ. ಟೈಮರ್ ಅರ್ಧ. ಆಮೇಲೆ ಕಡ್ಡಿಯನ್ನು ಉಗುರಿನಿಂದ ಮೆಲ್ಲಗೆ ತಳ್ಳಿದಳು. ಗರ್ರ್... ಟಕ್! ಶಟರ್ ಬಿತ್ತು.

ಒಳಗೆ ರೀಲು ಇದೆಯೋ ಇಲ್ಲವೋ ತಿಳಿಯಬೇಕಾದರೆ ಸುತ್ತುವ ಗುಂಡಿಯನ್ನು ಮೂರು ಸುತ್ತು ತಿರುಗಿಸಬೇಕು. ಬಿಗಿಯಾದರೆ ರೀಲು ಉಂಟು. ಸಡಿಲವಾಗಿ ಹಾಕಿದ ರೀಲು ಮೊದಲ ಸುತ್ತಿಗೆ ಸುಳಿವೇ ಕೊಡುವುದಿಲ್ಲ. ಅಪ್ಪ ಇದನ್ನು ನೂರು ಸಲ ಹೇಳಿದ್ದ. ಸುಕನ್ಯಾ ತಿರುಗಿಸಿದ್ದು ಒಂದೇ ಸುತ್ತು. ಸಡಿಲ. 'ಖಾಲಿ' ಅಂದುಕೊಂಡು ಗುಂಡಿ ಎಳೆದೇಬಿಟ್ಟಳು. ಹಿಂಬಾಗಿಲು ತೆರೆದುಕೊಂಡಿತು.

ಒಳಗೆ ರೀಲು ಫಳಫಳ ಹೊಳೆಯುತ್ತಿತ್ತು!

ಅಯ್ಯೋ... ತಕ್ಷಣ ಮುಚ್ಚಿದಳು. ಒಂದೇ ಸೆಕೆಂಡು. ಆದರೆ ಕೆಡಿಸಲು ಬೆಳಕಿಗೆ ಅಷ್ಟೂ ಬೇಕಾಗಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿಲ್ಲ.

ಅವನು ಒಳಗೆ ಬಂದ. ಅವನ ಹೆಸರು ಅಚ್ಯುತ. ಸಂಡೂರಿನ ಗಣಿಯೊಂದರಲ್ಲಿ ಸರ್ವೇಯರ್.

"ಒಂದು ಮಾತು ಕೇಳೋದಿತ್ತು," ಅವನ ದನಿ ಒಡೆದಿತ್ತು. "ಇದು ನನ್ನ ತಂಗೀದು. ಅಪೇಕ್ಷಾ ಅಂತ. ಹೋದ ಮಳೆಗಾಲದಾಗ... ತೀರಿಕೊಂಡಳು. ಕೊನೀಗೆ ಆಕಿ ಕೈಯಾಗಿದ್ದದ್ದು ಇದೇ. ಇದರೊಳಗ ರೀಲು ಅದ ಏನ್ರಿ?"

ಸುಕನ್ಯಾ ಕ್ಯಾಮೆರಾವನ್ನು ತನ್ನ ಕಡೆಗೆ ಎಳೆದುಕೊಂಡಳು. ಹೇಳಿಬಿಡಲೇ? ಹೇಗೆ ಹೇಳಲಿ? ಸತ್ತ ತಂಗಿಯ ಕೊನೆಯ ಫೋಟೋಗಳನ್ನು ಈಗಷ್ಟೇ ನಾನೇ ಸುಟ್ಟೆ ಅಂತಲೇ?

"ಇಲ್ರಿ..." ಎಂದಳು. "ಖಾಲಿ ಐತಿ."

ಅವನು ಕುಸಿದಂತೆ ಸ್ಟೂಲಿನ ಮೇಲೆ ಕೂತ. "ಹೌದಾ... ಖಾಲಿ ಅದನಾ..." ಎಂದು ತನಗೆ ತಾನೇ ಹೇಳಿಕೊಂಡ.

ರೀಲು ಕೆಟ್ಟಿದೆ ಎಂದು ಕೊರಗುವುದಕ್ಕಿಂತ ಇರಲೇ ಇಲ್ಲ ಎಂದುಕೊಳ್ಳುವುದು ಅವನಿಗೆ ವಾಸಿ. ಸುಕನ್ಯಾ ಹೀಗೆಂದು ತನ್ನನ್ನು ತಾನು ಸಮಾಧಾನ ಮಾಡಿಕೊಂಡಳು. ಅವನು ಕ್ಯಾಮೆರಾ ಬಿಟ್ಟುಹೋದ ಮೇಲೆ ಆ ರೀಲನ್ನು ಕರಿ ಡಬ್ಬಿಗೆ ಹಾಕಿ ಡ್ರಾಯರಿನ ತಳಕ್ಕೆ ತಳ್ಳಿದಳು. ತೊಳೆದು ನೋಡುವ ಧೈರ್ಯವೂ ಅವಳಿಗೆ ಬರಲಿಲ್ಲ.

* * *

ಅಚ್ಯುತ ಮುಂದಿನ ಭಾನುವಾರ ಬಂದ. ಅದರ ಮುಂದಿನ ಭಾನುವಾರವೂ ಬಂದ.

"ಇದನ್ನ ಹೆಂಗ ಹಿಡೀಬೇಕು, ಕಲಿಸ್ತೀರೇನ್ರಿ? ಆಕಿ ಇದ್ದಾಗ 'ಡಬ್ಬಿ' ಅಂತ ಬೈತಿದ್ದೆ. ಈಗ ಅದೊಂದೇ ಉಳಿದದ."

ಹಂಪಿಗೆ ಹೋದರು. ಹೇಮಕೂಟದ ಬಂಡೆಯ ಮೇಲೆ ಕೂತು ಸುಕನ್ಯಾ ಲೆನ್ಸಿನ ಉಂಗುರ ತೋರಿಸಿದಳು. "ಒಳಗ ಕಣ್ಣಿಟ್ಟು ಆ ಕಂಬ ನೋಡ್ರಿ, ನಡುವ ಒಂದು ಗೋಲ ಕಾಣ್ತೈತಲ್ರಿ? ಅದರಾಗ ಕಂಬ ಎರಡು ತುಂಡಾಗೈತಿ. ಸಾವಕಾಶ ತಿರುವ್ರಿ. ಎರಡೂ ಕೂಡಿದ್ರ ಫೋಕಸ್ ಆತು ಅಂತ."

ಅವನು ಕ್ಯಾಮೆರಾವನ್ನು ಅವಳ ಕಡೆಗೆ ತಿರುಗಿಸಿದ. ಬಹಳ ಹೊತ್ತು ಉಂಗುರ ತಿರುಗಿಸುತ್ತಲೇ ಇದ್ದ.

"ಕಂಬ ಅಲ್ಲಿ ಐತ್ರಿ!"

"ಗೊತ್ತದ," ಎಂದ ಮೆಲ್ಲಗೆ.

ಸುಕನ್ಯಾಳ ಕೆನ್ನೆ ಬಿಸಿಯಾಯಿತು. ಅವಳಿಗೆ ಅವನು ಬೇಕಾಗಿದ್ದ. ಇದನ್ನು ಸುತ್ತಿ ಬಳಸಿ ಹೇಳುವುದೇನಿದೆ? ವಾರದ ಆರು ದಿನ ಭಾನುವಾರಕ್ಕಾಗಿಯೇ ಕಳೆಯುತ್ತಿದ್ದಳು. ಆದರೆ ಅವನು ನಕ್ಕಾಗಲೆಲ್ಲ ಡ್ರಾಯರಿನ ತಳದ ಕರಿ ಡಬ್ಬಿ ನೆನಪಾಗುತ್ತಿತ್ತು. ಇವತ್ತು ಹೇಳುತ್ತೇನೆ... ಬೇಡ, ಮುಂದಿನ ವಾರ...

ಅವನು ದಿನೇ ದಿನೇ ಸೊರಗುತ್ತಿದ್ದ. ಅಂಗಿ ಹೆಗಲಿನಿಂದ ಜೋತು ಬಿದ್ದಿತ್ತು. ಕೇಳಿದರೆ "ಬಿಸಿಲು" ಅನ್ನುತ್ತಿದ್ದ.

ಯುಗಾದಿಯ ಮರುದಿನ ಅವಳನ್ನು ಹೊಸಪೇಟೆಯಲ್ಲೇ ಇದ್ದ ತನ್ನ ಮನೆಗೆ ಕರೆದೊಯ್ದ. ಅವನು ಹಣ್ಣು ತರಲು ಹೊರಗೆ ಹೋದಾಗ ತಾಯಿ ಕೃಷ್ಣಾಬಾಯಿ ಸುಕನ್ಯಾಳ ಪಕ್ಕದಲ್ಲಿ ಬಂದು ಕೂತರು.

"ನೀನಾರ ಅವಗ ಹೇಳವ್ವಾ. ತುತ್ತು ಬಾಯಿಗಿಡವಲ್ಲ."

"ಯಾಕ್ರೀ ಅಮ್ಮಾ?"

"ಅಪೇಕ್ಷಾಗ ಇವ ಒಂದು ಗಂಡು ನೋಡಿದ್ದ. ಆಕಿಗೆ ಮನಸ್ಸಿರಲಿಲ್ಲ. ಜಗಳಾತು. 'ಡಬ್ಬಿ ಹಿಡಕೊಂಡು ಅಲೆಯೋ ಹುಡುಗೀನ್ನ ಯಾರು ಮಾಡಿಕೊಂಡಾರು' ಅಂದುಬಿಟ್ಟ. ಎರಡೇ ದಿನಕ್ಕ ಆಕಿ ಕಂಪ್ಲಿ ಹೊಳೀಗೆ ಹೋದಳು. ಅಲ್ಲಿ ಬಂಡೆಗಲ್ಲಿನ ಮ್ಯಾಲ ಚಪ್ಪಲಿ, ಕ್ಯಾಮೆರಾ ಸಿಕ್ಕವು. ಆಕಿ... ನಾಲ್ಕು ದಿನದ ಮ್ಯಾಲ ಸಿಕ್ಕಳು."

ಸುಕನ್ಯಾ ಅವರ ಕೈ ಹಿಡಿದುಕೊಂಡಳು.

"ಜನ ಹಾರಿಕೊಂಡಳು ಅಂದ್ರು. ನಾವು ನಂಬಲಿಲ್ಲ. ಫೋಟೋ ತೆಗಿಯೋಕ ಹೋಗಿ ಜಾರ್‍ಯಾಳ, ರೀಲು ತೊಳಸಿದ್ರ ತಿಳೀತದ ಅಂತ ಇವ ಠಾಣಾಕ್ಕ ಅಲೆದು ಅಲೆದು ಕ್ಯಾಮೆರಾ ಬಿಡಿಸಿಕೊಂಡು ಬಂದ. ನೋಡಿದ್ರ ಅದು ಖಾಲಿ..." ಕೃಷ್ಣಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಖಾಲಿ ಕ್ಯಾಮೆರಾ ಹಿಡಕೊಂಡು ಫೋಟೋ ತೆಗಿಯೋಕ ಯಾರು ಹೋಗ್ತಾರವ್ವಾ? ನಾನೇ ಕೊಂದೆ, ನಾನೇ ಕೊಂದೆ ಅಂತಾನ..."

ಸುಕನ್ಯಾ ಎದ್ದು ನಿಂತಳು. ಅವಳು ಆಡಿದ್ದು ಎರಡೇ ಮಾತು. 'ಖಾಲಿ ಐತಿ.' ಆ ಎರಡು ಮಾತು ಮೂರು ತಿಂಗಳಿಂದ ಒಬ್ಬ ಮನುಷ್ಯನನ್ನು ಒಳಗೊಳಗೇ ತಿನ್ನುತ್ತಿತ್ತು!

* * *

ಅಂಗಡಿಗೆ ಓಡಿ ಬಂದು ಕತ್ತಲೆ ಕೋಣೆ ಸೇರಿದಳು. ರೀಲು ತೊಳೆದು ಬೆಳಕಿಗೆ ಹಿಡಿದಳು. ಸುರುಳಿಯ ಒಳಗಡೆ ಅಡಗಿದ್ದ ಮೊದಲ ಹನ್ನೊಂದು ಚಿತ್ರ ಉಳಿದಿದ್ದವು. ಮಲ್ಲಿಗೆ ಕಟ್ಟುತ್ತಿರುವ ಕೃಷ್ಣಾಬಾಯಿ. ಪೇಪರ್ ಮುಖದ ಮೇಲೆ ಹಾಕಿಕೊಂಡು ಮಲಗಿದ ಅಚ್ಯುತ. ಕಂಪ್ಲಿ ಬಸ್ಸಿನ ಕಿಟಕಿ. ಮುಂದಿನದೆಲ್ಲ ಅಚ್ಚ ಕಪ್ಪು. ಹೊಳೆಯ ಒಂದು ಚಿತ್ರವೂ ಇಲ್ಲ. ಆ ಹುಡುಗಿ ಕೊನೆಗೆ ಕಂಡದ್ದನ್ನೆಲ್ಲ ಬೆಳಕು ತಿಂದುಹಾಕಿತ್ತು.

ಸುಕನ್ಯಾ ನೆಲದ ಮೇಲೆ ಕೂತು ಮನಸಾರೆ ಅತ್ತಳು. ಅತ್ತು ಮುಗಿದ ಮೇಲೆ ತಾನೇ ಬರೆದ ಕಾರ್ಡು ಹುಡುಕಿ ತೆಗೆದಳು.

ಉಳಿದ ಹನ್ನೊಂದು ಚಿತ್ರಗಳ ಪ್ರಿಂಟು ತೆಗೆದು ಕವರಿಗೆ ಹಾಕಿಕೊಂಡು ಮರುದಿನ ಸಂಡೂರು ಬಸ್ ಹತ್ತಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ಅಚ್ಯುತ ಗಣಿಯ ಗೇಟಿನ ಹೊರಗೆ ಬಂದ. ಅದಿರಿನ ಲಾರಿಗಳು ಒಂದರ ಹಿಂದೊಂದು ಹಾಯುತ್ತಿದ್ದವು. ಬೇವಿನ ಎಲೆಗಳೂ ಕೆಂಪಾಗಿದ್ದವು.

"ನೀವು? ಇಲ್ಲಿ?"

"ರೀಲು ಇತ್ರಿ," ಎಂದಳು ಒಂದೇ ಉಸಿರಿಗೆ. "ನಾನಾ ಬಾಗಿಲು ತೆಗೆದು ಕೆಡಿಸಿದೆ. ಹೆದರಿ ಸುಳ್ಳು ಹೇಳಿದೆ."

ಅವನು ಅವಳನ್ನೇ ನೋಡಿದ. ಲಾರಿಯೊಂದು ಹಾದುಹೋಯಿತು. ಅವನು ಕಣ್ಣು ಮಿಟುಕಿಸಲಿಲ್ಲ.

"ಮೂರು ತಿಂಗಳು..." ಎಂದ. "ನಾನು ದಿನಾ ಸಾಯೋದನ್ನ ನೀವು ಎದುರಿಗೆ ಕೂತು ನೋಡಿದ್ರಿ."

"ಹೊಳೀ ವಿಷಯ ಗೊತ್ತಿರಲಿಲ್ರೀ! ಗೊತ್ತಿದ್ರ..."

"ಗೊತ್ತಿಲ್ದಿದ್ರ ಸುಳ್ಳು ಹೇಳಬಹುದೇನು?"

ಸುಕನ್ಯಾ ಕಾರ್ಡು ಚಾಚಿದಳು. "ಇದೊಂದು ಕೇಳ್ರಿ, ಆಮ್ಯಾಲ ಬೇಕಾದ್ರ ಹೊಡೀರಿ. ಟೈಮರ್ ಅರ್ಧಕ್ಕ ನಿಂತಿತ್ತು. ಫೋಕಸ್ ಹತ್ತು ಅಡಿಗಿತ್ತು. ಆಕಿ ಕ್ಯಾಮೆರಾ ಬಂಡೆ ಮ್ಯಾಲ ಇಟ್ಟು, ಕಡ್ಡಿ ತಿರುವಿ, ಮುಂದ ಹೋಗಿ ನಿಂತಾಳ. ಹಸಿ ಬಂಡೆ ಅಂತ ಚಪ್ಪಲಿ ಬಿಟ್ಟಾಳ. ಟಕ್ ಅನ್ನಲಿ ಅಂತ ಕಾದಾಳ... ಅದು ಅನ್ನಲೇ ಇಲ್ಲ. ಸಾಯೋಕ ಹೋದಾಕಿ ತನ್ನ ಫೋಟೋಕ್ಕ ತಾನು ಕಾಯ್ತಾಳೇನ್ರಿ?"

"ಕಾಯಬಹುದು," ಎಂದ ಒಣ ದನಿಯಲ್ಲಿ. "ಕೊನೇ ಫೋಟೋ ಅಂತ. ಯಾರು ಕಂಡಾರ?"

"ಅಚ್ಯುತ..."

"ಒಂದಿನಾದ್ರೂ ಹೇಳಬೇಕು ಅನ್ನಿಸಲಿಲ್ಲೇನು ನಿಮಗ?"

"ಪ್ರತಿ ಭಾನುವಾರ ಅನ್ನಿಸ್ತಿತ್ತು." ಕಣ್ಣೀರು ಕೆನ್ನೆಯ ಧೂಳಿನ ಮೇಲೆ ಗೆರೆ ಎಳೆಯಿತು. "ಹೇಳಿದ್ರ ನೀವು ಬರೋದು ನಿಲ್ತೈತಿ ಅಂತ... ನನ್ನ ಸ್ವಾರ್ಥ."

ಅವನು ಕಾರ್ಡನ್ನೂ ಹನ್ನೊಂದು ಪ್ರಿಂಟುಗಳ ಕವರನ್ನೂ ತೆಗೆದುಕೊಂಡ. ಗೇಟಿನ ಒಳಗೆ ಹೋದ. ಹಿಂತಿರುಗಿ ನೋಡಲಿಲ್ಲ.

* * *

ಎರಡು ತಿಂಗಳು ಕಳೆದವು. ಸುಕನ್ಯಾ ಫೋನ್ ಮಾಡಲಿಲ್ಲ. ಮಾಡುವ ಮುಖವಾದರೂ ಎಲ್ಲಿತ್ತು? ಯಾರೋ ತಂದ ಒಳ್ಳೆಯ ಲೆನ್ಸೊಂದನ್ನು "ನನ್ನ ಕೈಲಿ ಆಗಂಗಿಲ್ರಿ" ಎಂದು ವಾಪಸು ಕಳಿಸಿದಳು.

ಮೇ ಕೊನೆಯ ಒಂದು ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ಅಚ್ಯುತ! ಬಲಗೈಗೆ ಬ್ಯಾಂಡೇಜು. ಹಣೆಯ ಮೇಲೆ ಒಣಗುತ್ತಿರುವ ಗಾಯ.

"ಏನಾತ್ರೀ?!"

"ಕಂಪ್ಲಿಗೆ ಹೋಗಿದ್ದೆ." ಅವನು ನಿಂತೇ ಹೇಳಿದ. "ಅದೇ ಬಂಡೆ ಮ್ಯಾಲ ಕ್ಯಾಮೆರಾ ಇಟ್ಟೆ. ಹತ್ತು ಅಡಿ ಫೋಕಸ್. ಟೈಮರ್ ತಿರುವಿ ಓಡಿದೆ. ಹತ್ತು ಅಡಿಗೆ ನಿಲ್ಲೋಕ ಅಲ್ಲಿ ಜಾಗ ಒಂದೇ ಅದ. ಪಾಚಿ ಕಟ್ಟಿದ ಇಳಿಜಾರು. ಟಕ್ ಅನ್ನೋದರೊಳಗ ಜಾರಿಬಿಟ್ಟೆ."

ಸುಕನ್ಯಾ ಬಾಯಿಗೆ ಕೈ ಇಟ್ಟುಕೊಂಡಳು.

"ಈಗ ನೀರು ಮೊಳಕಾಲಿನಷ್ಟದ. ನಾ ಉಳಕೊಂಡೆ. ಆಕಿ ಹೋದಾಗ ಡ್ಯಾಮಿನ ನೀರು ಬಿಟ್ಟಿದ್ರು..." ಅವನ ಮುಖ ಕಿವುಚಿಕೊಂಡಿತು. "ಹಾರಿಕೊಳ್ಳಲಿಲ್ಲ ಸುಕನ್ಯಾ. ನನ್ನ ತಂಗಿ ಹಾರಿಕೊಳ್ಳಲಿಲ್ಲ. ನಗಾಕ ನಿಂತಿದ್ದಳು."

ಅವನು ಅಳುತ್ತಿದ್ದ. ಅವಳು ಹತ್ತಿರ ಹೋಗಲು ಹೆದರಿ ಕೌಂಟರಿನ ಹಿಂದೆಯೇ ನಿಂತು ಅತ್ತಳು.

ಬಹಳ ಹೊತ್ತಿನ ಮೇಲೆ ಅವನು ಮುಖ ಒರೆಸಿಕೊಂಡ. "ಇನ್ನಾ ನಿಮ್ಮ ಮ್ಯಾಲ ಸಿಟ್ಟದ. ಸುಳ್ಳು ಹೇಳಂಗಿಲ್ಲ."

"ಇರಲಿ. ಇರಬೇಕು."

"ಆದ್ರ ಬರದೇ ಇರೋದೂ ಆಗಲಿಲ್ಲ." ಅವನು ನೆಲ ನೋಡಿದ. "ಅಮ್ಮ ಊಟಕ್ಕ ಕರೀತಾಳ."

"ಅವರಿಗೆ... ಗೊತ್ತೇನ್ರಿ?"

"ಎಲ್ಲಾ ಹೇಳೀನಿ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅನ್ನ ಬಸಿಯೋವಾಗ, 'ಆ ಹುಡುಗಿ ಒಬ್ಬಾಕೇ ಉಣ್ತಾಳೇನು?' ಅಂತ ಕೇಳಿದಳು."

ಸುಕನ್ಯಾಳಿಗೆ ಅಲ್ಲೇ ನಿಂತಿರಲಾಗಲಿಲ್ಲ. ಕೌಂಟರ್ ದಾಟಿ ಬಂದಳು. ಅವನು ಗಾಯವಿಲ್ಲದ ಕೈ ಚಾಚಿದ.

"ಇನ್ನೊಂದ್ಸಲ ಸುಳ್ಳು ಹೇಳಬ್ಯಾಡ," ಎಂದ. ಅವನ ಬಾಯಿಂದ ಮೊದಲ ಸಲ ಏಕವಚನ ಬಂದಿತ್ತು.

"ಹೇಳಂಗಿಲ್ಲ."

"ಹಂಗಾರ ಖರೇ ಹೇಳು. ನಾನಂದ್ರ...?"

"ಭಾಳ ಇಷ್ಟ," ಎಂದಳು ಅವಳು ಅಳುತ್ತಲೇ. "ಮತ್ತ... ಭಾಳ ಹೆದರಿಕಿ."

ಅವನು ಅವಳ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನನಗೂ ಎರಡೂ ಅದಾವ. ನಡಿ, ಅಮ್ಮ ಕಾಯ್ತಿರ್ತಾಳ."